ರಕ್ತದಾನಿಗಳ ಪಟ್ಟಿ ಬರೆದಿಟ್ಟ ಪರ್ಸಿ ಆಲಿವರ್



ಅಕ್ಟೋಬರ್ 1 ನಮ್ಮ ದೇಶದಲ್ಲಿ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಜಗತ್ತಿನ ಮೊದಲ ಸ್ವಯಂಪ್ರೇರಿತ ರಕ್ತದಾನಿಗಳ ಸೇವೆ ಹುಟ್ಟಿದ್ದೂ ಒಂದು ಅಕ್ಟೋಬರ್ ತಿಂಗಳಲ್ಲೇ, 1921ರಲ್ಲಿ, ಲಂಡನ್ನಿನಲ್ಲಿ. ಅದನ್ನು ಕಟ್ಟಿದವರು ವೈದ್ಯರಲ್ಲ, ವಿಜ್ಞಾನಿಯೂ ಅಲ್ಲ. ಪುರಸಭೆಯ ನೌಕರರಾಗಿದ್ದ ಪರ್ಸಿ ಲೇನ್ ಆಲಿವರ್. ರಕ್ತದಾನದ ಚರಿತ್ರೆಯಲ್ಲಿ ತಪ್ಪದೆ ಬರುವ ಈ ಹೆಸರನ್ನು ಈ ತಿಂಗಳ ವ್ಯಕ್ತಿ ಪರಿಚಯಕ್ಕೆ ಆರಿಸಿಕೊಂಡಿದ್ದೇವೆ.

ಆಲಿವರ್ ಹುಟ್ಟಿದ್ದು 1878ರ ಏಪ್ರಿಲ್ 11ರಂದು, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಸೇಂಟ್ ಐವ್ಸ್ ಎಂಬ ಕಡಲತಡಿಯ ಊರಿನಲ್ಲಿ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಮೊದಲು ಗ್ರಂಥಾಲಯದ ಸಹಾಯಕರಾಗಿ, ಆಮೇಲೆ ಪುರಸಭೆಯ ಕಚೇರಿಯಲ್ಲಿ ಕೆಲಸ ಮಾಡಿದರು. ಬಿಡುವಿನ ಹೊತ್ತೆಲ್ಲ ರೆಡ್‌ಕ್ರಾಸ್ ಸಂಸ್ಥೆಗೆ ಮೀಸಲು. ಅದರ ಕ್ಯಾಂಬರ್‌ವೆಲ್ ಶಾಖೆಗೆ ಅವರು ಗೌರವ ಕಾರ್ಯದರ್ಶಿ. ಮೊದಲ ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗಾಗಿ ದುಡಿದದ್ದಕ್ಕೆ 1918ರಲ್ಲಿ ಸರಕಾರ ಅವರಿಗೆ ಒ.ಬಿ.ಇ. ಗೌರವ ನೀಡಿತು.

ಆ ಕಾಲದ ಸ್ಥಿತಿ ಹೇಗಿತ್ತು ಎಂದು ಸ್ವಲ್ಪ ನೋಡೋಣ. ರಕ್ತದಲ್ಲಿ ಗುಂಪುಗಳಿವೆ ಎಂಬುದನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲೇ ಪ್ರಕಟಿಸಿದ್ದರು. ಆದರೆ ಲಂಡನ್ನಿನ ಸಾಮಾನ್ಯ ಆಸ್ಪತ್ರೆಗಳಲ್ಲಿ ರಕ್ತವನ್ನು ಕೂಡಿಡುವ ಏರ್ಪಾಡು ಇರಲಿಲ್ಲ. ಬೇಕಾದಾಗ ದಾನಿಯೇ ಆಸ್ಪತ್ರೆಗೆ ಬರಬೇಕು. ನೆಂಟರಿಷ್ಟರನ್ನು ಹುಡುಕಬೇಕು, ಇಲ್ಲವೇ ದುಡ್ಡು ಕೊಟ್ಟು ಯಾರನ್ನಾದರೂ ಕರೆತರಬೇಕು. ಬಂದವರ ಗುಂಪು ಹೊಂದದಿದ್ದರೆ ಮತ್ತೆ ಮೊದಲಿನಿಂದ ಹುಡುಕಾಟ. ಅಷ್ಟರಲ್ಲಿ ರೋಗಿಯ ಪ್ರಾಣ ಕೈತಪ್ಪುತ್ತಿತ್ತು.

1921ರ ಅಕ್ಟೋಬರಿನಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ರೆಡ್‌ಕ್ರಾಸ್ ಶಾಖೆಗೆ ಫೋನ್ ಬಂತು. ಒಬ್ಬ ರೋಗಿಗೆ ತುರ್ತಾಗಿ ರಕ್ತ ಬೇಕಿತ್ತು. ಆಲಿವರ್ ತಾವೂ ಹೊರಟರು, ಕೆಲವು ಜೊತೆಗಾರರನ್ನೂ ಕರೆದೊಯ್ದರು. ಅವರಲ್ಲಿ ಲಿನ್‌ಸ್ಟೆಡ್ ಎಂಬ ದಾದಿಯ ರಕ್ತ ಹೊಂದಿತು. ಅವರು ಕೊಟ್ಟರು, ಉಳಿದವರು ಮನೆಗೆ ಮರಳಿದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕರೆ ಬಂದ ಮೇಲೆ ಹುಡುಕುವ ಬದಲು, ಕರೆ ಬರುವ ಮೊದಲೇ ಗುಂಪು ಪರೀಕ್ಷೆ ಮಾಡಿಸಿಕೊಂಡ ಜನರ ಪಟ್ಟಿ ಕೈಯಲ್ಲಿರಬೇಕು ಎಂದು ಆಲಿವರ್ ನಿಶ್ಚಯಿಸಿದರು.

ಹೀಗೆ ಬೆರಳೆಣಿಕೆಯ ಸ್ವಯಂಸೇವಕರಿಂದ ಕೆಲಸ ಶುರುವಾಯಿತು. 1922ರಲ್ಲಿ ಬಂದ ಕರೆಗಳು 13. ಮೂರೇ ವರ್ಷದಲ್ಲಿ, 1925ರ ಹೊತ್ತಿಗೆ, ಅವು 428ಕ್ಕೆ ಏರಿದವು. ಕಚೇರಿ ಎಂದರೆ ಆಲಿವರ್ ದಂಪತಿಯ ಮನೆಯೇ. ಹಗಲು ರಾತ್ರಿ ಎನ್ನದೆ ಫೋನ್ ಬಾರಿಸುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಯಾರ ಸರದಿ, ಯಾರ ಮನೆ ಆಸ್ಪತ್ರೆಗೆ ಹತ್ತಿರ ಎಂದು ನೋಡಿ ದಾನಿಯನ್ನು ಕಳಿಸುತ್ತಿದ್ದರು. ಒಬ್ಬೊಬ್ಬ ದಾನಿಗೆ ಒಂದೊಂದು ಕಾರ್ಡ್. ಅದರಲ್ಲಿ ಹೆಸರು, ವಿಳಾಸ, ಫೋನ್, ರಕ್ತದ ಗುಂಪು, ಆರೋಗ್ಯದ ವಿವರ ಮತ್ತು ಹಿಂದೆ ರಕ್ತ ಕೊಟ್ಟ ದಾಖಲೆ. ಗ್ರಂಥಾಲಯದಲ್ಲಿ ದುಡಿದವರಿಗೆ ಕಾರ್ಡಿನ ಬೆಲೆ ಹೇಳಿಕೊಡಬೇಕಾಗಿರಲಿಲ್ಲ.

ಜನರನ್ನು ಒಮ್ಮೆ ಒಪ್ಪಿಸುವುದು ಸುಲಭ, ಅವರನ್ನು ಉಳಿಸಿಕೊಳ್ಳುವುದು ಕಷ್ಟ. ನಮಗೆ ಆಲಿವರ್ ಹೆಚ್ಚು ಹತ್ತಿರದವರು ಎನಿಸುವುದು ಇಲ್ಲಿಯೇ. ಆಗ ಹಲವು ವೈದ್ಯರು ದಾನಿಯ ತೋಳನ್ನು ಕೊಯ್ದು ರಕ್ತನಾಳವನ್ನು ಹೊರತೆಗೆದು ರಕ್ತ ಪಡೆಯುತ್ತಿದ್ದರು. ಗಾಯ ಮಾಯಲು ದಿನಗಳು ಬೇಕು, ಆ ನಾಳ ಮತ್ತೆ ಉಪಯೋಗಕ್ಕೆ ಬರುವುದೂ ಕಷ್ಟ. ಹಾಗೆ ಕೊಯ್ಯಿಸಿಕೊಂಡವರು ಎರಡನೇ ಸಲ ಯಾಕೆ ಬಂದಾರು? ತಮ್ಮ ದಾನಿಗಳಿಗೆ ಸೂಜಿಯನ್ನೇ ಬಳಸಬೇಕು ಎಂದು ಆಲಿವರ್ ಹಟ ಹಿಡಿದರು. ಈ ವಿಷಯದಲ್ಲಿ ಅವರ ಬೆನ್ನಿಗೆ ನಿಂತವರು ಶಸ್ತ್ರವೈದ್ಯ ಜೆಫ್ರಿ ಕೇನ್ಸ್. ಇವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಮ್ಮ.

ದಾನಿಗಳಿಗೆ ಹಣವಿಲ್ಲ ಎಂಬುದು ಇನ್ನೊಂದು ಕಟ್ಟಳೆ. ಅದೇ ಕಾಲದಲ್ಲಿ ನ್ಯೂಯಾರ್ಕಿನಂಥ ನಗರಗಳಲ್ಲಿ ರಕ್ತ ಮಾರಿ ಬದುಕುವವರ ದೊಡ್ಡ ವರ್ಗವೇ ಇತ್ತು. ಮಾರುವವರು ಕಾಯಿಲೆಯನ್ನು ಮುಚ್ಚಿಡಬಹುದು, ಸುಮ್ಮನೆ ಕೊಡುವವರಿಗೆ ಮುಚ್ಚಿಡುವ ಕಾರಣವಿಲ್ಲ. ಆಲಿವರ್ ತಮ್ಮ ದಾನಿಗಳಿಗೆ ಮೊದಲೇ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸುತ್ತಿದ್ದರು. ದಾನಿಗಳಿಗಾಗಿ ಮೂರು ತಿಂಗಳಿಗೊಮ್ಮೆ ಸುತ್ತೋಲೆ ಹೊರಡುತ್ತಿತ್ತು. ಸ್ಕೌಟ್ ದಳದ ಹಿರಿಯ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಪಟ್ಟಿಗೆ ಸೇರಿದರು. 1926ರಲ್ಲಿ ಬ್ರಿಟಿಷ್ ರೆಡ್‌ಕ್ರಾಸ್ ಈ ಸೇವೆಯನ್ನು ಅಧಿಕೃತವಾಗಿ ತನ್ನದಾಗಿಸಿಕೊಂಡಿತು. 1928ರಲ್ಲಿ ಆಲಿವರ್ ದಂಪತಿ ಪೆಕಮ್ ರೈ ಬಳಿಯ ಕೋಲಿಟನ್ ರಸ್ತೆಯ ದೊಡ್ಡ ಮನೆಗೆ ಬಂದರು. ಕೆಲಸ ಅಲ್ಲಿಂದಲೇ ನಡೆಯಿತು.

ಎರಡನೇ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಬಾಂಬ್ ಬೀಳುವ ನಗರಕ್ಕೆ ಒಬ್ಬೊಬ್ಬರನ್ನೇ ಫೋನ್ ಮಾಡಿ ಕರೆಸುವುದು ಸಾಲದು. 1939ರಲ್ಲಿ ರಕ್ತವನ್ನು ಬಾಟಲಿಗಳಲ್ಲಿ ಕೂಡಿಡುವ ಸರಕಾರಿ ಕೇಂದ್ರಗಳು ಲಂಡನ್ನಿನ ಸುತ್ತ ತಲೆಯೆತ್ತಿದವು. ಆಲಿವರ್‌ಗೆ ಕೂಡಿಟ್ಟ ರಕ್ತದ ಮೇಲೆ ಅಷ್ಟು ಒಲವಿರಲಿಲ್ಲ. ಆ ವಿಷಯದಲ್ಲಿ ಕಾಲ ಅವರನ್ನು ದಾಟಿ ಹೋಯಿತು. ಆದರೆ ಬಾಟಲಿ ತುಂಬಲು ಬೇಕಾದದ್ದು ಮತ್ತೆ ಅವರು ತೋರಿಸಿದ್ದ ದಾರಿಯೇ, ಹಣ ಕೇಳದ ದಾನಿಗಳ ಪಟ್ಟಿ. 1944ರ ಏಪ್ರಿಲ್ 16ರಂದು ಅವರು ತೀರಿಕೊಂಡರು. ಬ್ರಿಟನ್ನಿನ ರಾಷ್ಟ್ರೀಯ ರಕ್ತ ಸೇವೆ ಆರಂಭವಾದದ್ದು 1946ರಲ್ಲಿ. ಕೋಲಿಟನ್ ರಸ್ತೆಯ ಆ ಮನೆಗೆ 1979ರಲ್ಲಿ ಸ್ಮಾರಕ ಫಲಕ ಹಾಕಲಾಯಿತು.

ನಮ್ಮ ದೇಶದಲ್ಲಿ ರಕ್ತ ಮಾರಾಟ ನಿಂತದ್ದು ಬಹಳ ತಡವಾಗಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಅದು ನಿಷಿದ್ಧವಾಯಿತು. ಈಗ ಪ್ರತಿ ಯೂನಿಟ್ಟಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತು ವಾಟ್ಸಾಪಿನಲ್ಲಿ ರಕ್ತ ಬೇಡುವ ಸ್ಥಿತಿ ತಪ್ಪಿಲ್ಲ. ಗಡಿಯ ನಮಗೆ ಈ ಕಷ್ಟ ಇನ್ನೂ ಹೆಚ್ಚು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ಜತ್ತಿನವರು ಸಾಂಗ್ಲಿಗೋ ಸೊಲ್ಲಾಪುರಕ್ಕೋ ಹೋಗಬೇಕು. ಪರವೂರಿನಲ್ಲಿ ಪರಿಚಯದವರು ಯಾರು?

ವರ್ಷಕ್ಕೊಂದು ದೊಡ್ಡ ಶಿಬಿರ ಒಳ್ಳೆಯದೇ. ಆದರೆ ಕೆಂಪು ಕಣಗಳು ಉಳಿಯುವುದು ಸುಮಾರು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಥಲಸ್ಸೀಮಿಯಾ ಇರುವ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು. ಆದ್ದರಿಂದ ಒಂದೇ ದಿನ ನೂರು ಜನ ಕೊಡುವುದಕ್ಕಿಂತ, ಅದೇ ನೂರು ಜನ ವರ್ಷವಿಡೀ ಸರದಿಯಂತೆ ಕೊಡುವುದು ಹೆಚ್ಚು ಉಪಯೋಗ.

ಹಾಗಾಗಿ ಪ್ರತಿ ಊರಿನ ಘಟಕದಲ್ಲೂ ಆಲಿವರ್ ಮಾದರಿಯ ಒಂದು ಪಟ್ಟಿ ಇರಲಿ ಎಂಬುದು ನಮ್ಮ ಕೋರಿಕೆ. 18 ವರ್ಷ ತುಂಬಿದ, 45 ಕೆ.ಜಿ.ಗಿಂತ ಹೆಚ್ಚು ತೂಕವಿರುವ, ಆರೋಗ್ಯವಂತ ಸದಸ್ಯರು ಹೆಸರು, ಗುಂಪು, ಫೋನ್, ಕೊನೆಯ ಬಾರಿ ರಕ್ತ ಕೊಟ್ಟ ದಿನಾಂಕ ಇಷ್ಟನ್ನು ತಮ್ಮ ಘಟಕದ ಕಾರ್ಯದರ್ಶಿಗೆ ಬರೆಸಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕಾರ್ಯದರ್ಶಿಗಳಲ್ಲಿ ಇನ್ನೊಂದು ಮನವಿ: ರಕ್ತ ಕೊಟ್ಟವರಿಗೆ ಮರುದಿನ ಒಂದು ಫೋನ್ ಮಾಡಿ, ಹೇಗಿದ್ದೀರಿ ಎಂದು ವಿಚಾರಿಸಿ. ಮುಂದಿನ ಸಲ ಕರೆದಾಗ ಅವರು ಬರುತ್ತಾರೆ.