ಕನ್ನಡದ ಮೊದಲ ನಿಘಂಟು ಬರೆದವರು ಕಿಟೆಲ್ ಅವರೇ? ಫಾರ್ವರ್ಡ್‌ನಲ್ಲಿ ಇರುವುದೆಷ್ಟು, ಬಿಟ್ಟಿರುವುದೆಷ್ಟು

ನವೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಗಡ್ಡಧಾರಿ ಜರ್ಮನ್ ಪಾದ್ರಿಯೊಬ್ಬರ ಫೋಟೊ ಓಡಾಡಲು ಶುರು. ಕನ್ನಡಕ್ಕೆ ನಿಘಂಟೇ ಇರಲಿಲ್ಲ, ವ್ಯಾಕರಣವೂ ಇರಲಿಲ್ಲ, ಎಲ್ಲವನ್ನೂ ಇವರೇ ಬಂದು ಕೊಟ್ಟರು ಎಂದು ಒಂದು ಸಂದೇಶ ಹೇಳುತ್ತದೆ. ಇವರು ಬಂದದ್ದೇ ಮತಾಂತರಕ್ಕೆ, ಹೊಗಳಬೇಕಾದ ಅಗತ್ಯವೇ ಇಲ್ಲ ಎಂದು ಇನ್ನೊಂದು ಸಂದೇಶ. ಎರಡರಲ್ಲೂ ಸ್ವಲ್ಪ ನಿಜವಿದೆ, ಎರಡರಲ್ಲೂ ದೊಡ್ಡ ತಪ್ಪಿದೆ. ಫರ್ಡಿನಾಂಡ್ ಕಿಟೆಲ್ ಅವರ ಬದುಕನ್ನು ಒಮ್ಮೆ ನೆಟ್ಟಗೆ ನೋಡೋಣ.

ಯಾರು ಈ ಕಿಟೆಲ್?

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಉತ್ತರ ಜರ್ಮನಿಯ ಕಡಲತೀರದ ಸೀಮೆಯಲ್ಲಿ. ತಂದೆ ಪಾದ್ರಿ. ಆ ಕಾಲದ ಜರ್ಮನ್ ಶಾಲೆಗಳಲ್ಲಿ ಓದು ಎಂದರೆ ಮುಖ್ಯವಾಗಿ ಲ್ಯಾಟಿನ್ ಮತ್ತು ಗ್ರೀಕ್ ವ್ಯಾಕರಣ. ಕಿಟೆಲ್ ಅವುಗಳ ಜೊತೆಗೆ ಹೀಬ್ರೂವನ್ನೂ ಕಲಿತರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ.

ಬಂದ ಉದ್ದೇಶ ಕ್ರೈಸ್ತ ಮತ ಪ್ರಚಾರ. ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಆದರೆ ಜನರ ನಡುವೆ ಬದುಕದೆ, ಅವರ ಮಾತು ಮತ್ತು ಕಾವ್ಯ ಅರಿಯದೆ ಏನನ್ನೂ ಹೇಳಲಾಗದು ಎಂಬುದು ಅವರ ನಿಲುವಾಗಿತ್ತು. ಭಾರತೀಯರ ನಡುವೆ ಭಾರತೀಯನಾಗಿಯೇ ಇರಬೇಕೆಂದು ಹೊರಟ ಈ ತರುಣನನ್ನು ಕಂಡು ಮಿಷನ್ನಿನ ಹಿರಿಯರಿಗೇ ಕಸಿವಿಸಿಯಾಗಿತ್ತು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದುಕೊಂಡು ಅವರು ಹಳಗನ್ನಡ ಓದಿದರು. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲೇ ಬರೆದ ಅವರ ಕಥಾಮಾಲೆ ಅಚ್ಚಾಯಿತು.

ಫಾರ್ವರ್ಡ್ 1: ಕನ್ನಡಕ್ಕೆ ವ್ಯಾಕರಣ ಕೊಟ್ಟವರು ಕಿಟೆಲ್

ತಪ್ಪು. ಕಿಟೆಲ್ ಹುಟ್ಟುವ ಸುಮಾರು ಆರು ನೂರು ವರ್ಷ ಮೊದಲೇ, 13ನೇ ಶತಮಾನದಲ್ಲಿ, ಕೇಶಿರಾಜ ಶಬ್ದಮಣಿದರ್ಪಣ ಬರೆದಿದ್ದ. ಅದಕ್ಕೂ ಮೊದಲು ನಾಗವರ್ಮನ ವ್ಯಾಕರಣಗಳಿದ್ದವು. 1604ರಲ್ಲಿ ಭಟ್ಟಾಕಳಂಕ ಶಬ್ದಾನುಶಾಸನ ಮುಗಿಸಿದ್ದ.

ಕಿಟೆಲ್ ಮಾಡಿದ್ದು ಬೇರೆ ಕೆಲಸ. ಓಲೆಗರಿಗಳಲ್ಲಿದ್ದ ಶಬ್ದಮಣಿದರ್ಪಣವನ್ನು ಶೋಧಿಸಿ 1872ರಲ್ಲಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಹೊರತಂದರು. ಅಂದರೆ ಅವರು ನಮಗೆ ವ್ಯಾಕರಣ ಕಲಿಸಿದವರಲ್ಲ, ಕೇಶಿರಾಜನ ಮುಂದೆ ವಿದ್ಯಾರ್ಥಿಯಾಗಿ ಕುಳಿತವರು.

ಇದು ಏಕೆ ಮುಖ್ಯ? ಲ್ಯಾಟಿನ್ ಓದಿ ಬಂದವರಿಗೆ ಎಲ್ಲ ಭಾಷೆಯನ್ನೂ ಲ್ಯಾಟಿನ್ ಅಳತೆಗೋಲಿನಿಂದ ಅಳೆಯುವ ಚಪಲ ಸಹಜ. ಲ್ಯಾಟಿನ್ನಿನಲ್ಲಿ ದೊಡ್ಡ ಎಂಬಂಥ ವಿಶೇಷಣವೂ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಕನ್ನಡದಲ್ಲಿ ದೊಡ್ಡ ಮರ, ದೊಡ್ಡ ಮರಗಳು, ದೊಡ್ಡ ಮರದಲ್ಲಿ, ಎಲ್ಲ ಕಡೆಯೂ ದೊಡ್ಡ ಹಾಗೇ ಉಳಿಯುತ್ತದೆ. ಇನ್ನು ಬಾರನು, ಮಾಡೆನು ಎಂಬ ರೂಪಗಳನ್ನು ನೋಡಿ. ಇಲ್ಲ ಎಂಬ ಪದ ಸೇರಿಸದೆಯೇ ಕ್ರಿಯಾಪದವೇ ನಿಷೇಧ ಹೇಳುತ್ತದೆ. ಇಂಥವು ಲ್ಯಾಟಿನ್ ಚೌಕಟ್ಟಿಗೆ ಕೂರುವುದಿಲ್ಲ. 1903ರಲ್ಲಿ ಬಂದ ತಮ್ಮ ವ್ಯಾಕರಣದಲ್ಲಿ ಕಿಟೆಲ್ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸಿದರು. ಅದಕ್ಕೆ ಅವರು ಆಧಾರ ಮಾಡಿಕೊಂಡದ್ದು ಕೇಶಿರಾಜನನ್ನು.

ಫಾರ್ವರ್ಡ್ 2: ಮೊದಲ ಕನ್ನಡ ನಿಘಂಟು ಅವರದೇ

ಇದೂ ತಪ್ಪು. ರನ್ನನ ಹೆಸರಿನ ರನ್ನಕಂದ, ನಾಗವರ್ಮನ ವಸ್ತುಕೋಶ, ಮಂಗರಾಜನ ಅಭಿನವಾಭಿಧಾನ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೆಲ್ಲ ಹಳೆಯ ಕೋಶಗಳೇ. ಆದರೆ ಅವು ಪದ್ಯದಲ್ಲಿದ್ದವು, ಬಾಯಿಪಾಠ ಮಾಡುವ ಕವಿಗಳಿಗಾಗಿ ಇದ್ದವು. ಅಕಾರಾದಿಯಾಗಿ ಹುಡುಕುವ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲೂ ಕಿಟೆಲ್ ಮೊದಲಿಗರಲ್ಲ. ವಿಲಿಯಂ ರೀವ್ ಅವರ ನಿಘಂಟು 1832ರಲ್ಲೇ, ಅಂದರೆ ಕಿಟೆಲ್ ಹುಟ್ಟಿದ ವರ್ಷವೇ ಬಂದಿತ್ತು.

ಹಾಗಾದರೆ ಕಿಟೆಲ್ ಅವರ ದೊಡ್ಡತನ ಎಲ್ಲಿದೆ? 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದಗಳಿವೆ. ಪದದ ಅರ್ಥ ಹೇಳಿ ಅವರು ಸುಮ್ಮನಾಗಲಿಲ್ಲ. ಅದು ಯಾವ ಗ್ರಂಥದಲ್ಲಿದೆ, ತದ್ಭವವೋ ದೇಶ್ಯವೋ, ತಮಿಳು, ತೆಲುಗು, ಮಲಯಾಳಂ, ತುಳುವಿನಲ್ಲಿ ಅದರ ನೆಂಟರು ಯಾರು ಎಂಬುದನ್ನೂ ಕೊಟ್ಟರು. ಕಾವ್ಯದ ಮಾತಿನ ಪಕ್ಕದಲ್ಲೇ ಊರ ಗಾದೆಗಳಿಗೂ ಜಾಗ ಸಿಕ್ಕಿತು. ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋಗಿರಬಹುದಾದ ಪದಗಳನ್ನೂ ಅವರು ಪಟ್ಟಿ ಮಾಡಿದರು.

ಒಂದು ಉದಾಹರಣೆ ನೋಡಿ. ಚಾಮರಾಜನಗರದ ಕಡೆ ಉಡಿಗಾಲ ಎಂಬ ಊರಿದೆ. ಉಡಿ ಎಂದರೆ ಸೀರೆಯ ಮಡಿಲು, ಉಡಿ ತುಂಬುವುದು ಎಲ್ಲರಿಗೂ ಗೊತ್ತು. ಹಳಗನ್ನಡದಲ್ಲಿ ಉಡಿ ಎಂದರೆ ಮುರಿ, ಒಡೆ ಎಂಬ ಅರ್ಥವೂ ಇದೆ. ಒಂದೇ ರೂಪ, ಎರಡು ಬೇರೆ ಪದ. ಫಾರ್ವರ್ಡ್ ಆದರೆ ಇಷ್ಟಕ್ಕೇ ಊರ ಹೆಸರಿಗೊಂದು ಕಥೆ ಕಟ್ಟಿಬಿಡುತ್ತದೆ. ನಿಘಂಟುಕಾರ ಹಾಗೆ ಮಾಡುವಂತಿಲ್ಲ. ಶಾಸನದಲ್ಲಿ ಹೆಸರು ಹೇಗಿದೆ, ಪಕ್ಕದ ಭಾಷೆಗಳಲ್ಲಿ ಏನಿದೆ ಎಂದು ನೋಡಬೇಕು, ಪುರಾವೆ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಇಂಥ ತಾಳ್ಮೆಯನ್ನು 70,000 ಪದಗಳಿಗೆ ತೋರಿಸುವುದು ಎಂದರೇನು ಎಂದು ಒಮ್ಮೆ ಯೋಚಿಸಿ.

ಆ ಕೆಲಸದ ಬೆಲೆ

ಈ ಬದುಕು ಸುಖದ್ದಾಗಿರಲಿಲ್ಲ. 1860ರಲ್ಲಿ ಮದುವೆಯಾದ ಹೆಂಡತಿ ಪೌಲೀನ್ ನಾಲ್ಕೇ ವರ್ಷದಲ್ಲಿ ತೀರಿಕೊಂಡರು. ಮುಂದೆ ಅವರ ತಂಗಿ ಯೂಲಿಯನ್ನು ಕಿಟೆಲ್ ವರಿಸಿದರು. 1877ರಲ್ಲಿ ಜರ್ಮನಿಗೆ ಮರಳಿದವರು ನಿಘಂಟಿಗಾಗಿಯೇ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗು ಹತ್ತಿದರು. ಹಸ್ತಪ್ರತಿ, ಕರಡಚ್ಚುಗಳ ನಡುವೆ ಕಣ್ಣಿನ ಆರೋಗ್ಯ ಕೆಟ್ಟಿತು. 1892ರಲ್ಲಿ ಶಾಶ್ವತವಾಗಿ ಊರಿಗೆ ಹೋದರು. ನಿಘಂಟಿಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ವ್ಯಾಕರಣ ಗ್ರಂಥ ಬಂದ 1903ರಲ್ಲೇ, ಡಿಸೆಂಬರಿನಲ್ಲಿ, 71ನೇ ವಯಸ್ಸಿಗೆ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಅವರ ಜೊತೆ ಕುಳಿತು ಪದ್ಯ ಬಿಡಿಸಿ, ಅರ್ಥ ಹೇಳಿಕೊಟ್ಟ ಕನ್ನಡ ಪಂಡಿತರೂ ಇದ್ದರು. ಫೋಟೊ ಹಂಚುವಾಗ ಅವರನ್ನು ನೆನೆಯುವವರು ಕಡಿಮೆ.

ಕೊನೆಗೆ ಸಾರಾಂಶ

ಕಿಟೆಲ್ ಮತ ಪ್ರಚಾರಕರಾಗಿ ಬಂದರು: ನಿಜ. ಆದರೆ ಅವರ ನಿಘಂಟಿನ ತುಂಬ ಇರುವುದು ಜೈನ, ವೀರಶೈವ, ವೈದಿಕ ಕವಿಗಳ ಪದಗಳು ಮತ್ತು ಜನರ ಮಾತು. ಕನ್ನಡಕ್ಕೆ ಮೊದಲ ನಿಘಂಟು, ಮೊದಲ ವ್ಯಾಕರಣ ಕೊಟ್ಟರು: ಸುಳ್ಳು. ಇದ್ದ ಪರಂಪರೆಯನ್ನು ಶ್ರದ್ಧೆಯಿಂದ ಕಲಿತು, ಹುಡುಕಲು ಬರುವಂತೆ ಜೋಡಿಸಿ, ನಾಳಿನವರ ಕೈಗಿಟ್ಟರು: ನಿಜ.

ಅವರನ್ನು ಮೊದಲಿಗರು ಎಂದು ಹೊಗಳಿದರೆ ಕೇಶಿರಾಜನಿಗೆ ಅನ್ಯಾಯ. ಬರೀ ಪಾದ್ರಿ ಎಂದು ತಳ್ಳಿದರೆ ಕಿಟೆಲ್ ಅವರಿಗೆ ಅನ್ಯಾಯ. ಮುಂದಿನ ಸಲ ಆ ಫೋಟೊ ಬಂದರೆ ಜೊತೆಗೆ ಕೇಶಿರಾಜನ ಹೆಸರನ್ನೂ ಸೇರಿಸಿ ಕಳಿಸಿ.