ಮದರಾಸಿನ ಎಂ.ಎ., ಮಾಸ್ತಿಯ ಕನ್ನಡ

ಚೆನ್ನೈಗೆ ಬರುವ ನಮ್ಮವರೆಲ್ಲ ಮರೀನಾ ನೋಡುತ್ತಾರೆ. ರಸ್ತೆಯಾಚೆ ಇರುವ ಮದ್ರಾಸ್ ವಿಶ್ವವಿದ್ಯಾಲಯವನ್ನು ಕಾರಿನೊಳಗಿಂದಲೇ ನೋಡಿ ಮುಂದೆ ಹೋಗುತ್ತಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ 1914ರಲ್ಲಿ ಇಂಗ್ಲಿಷ್ ಎಂ.ಎ. ಪದವಿ ಪಡೆದದ್ದು ಈ ವಿಶ್ವವಿದ್ಯಾಲಯದಿಂದ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದೇ 1916ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಿಗೂ ಪದವಿ ಬರುತ್ತಿದ್ದುದು ಮದರಾಸಿನಿಂದಲೇ.

ಮಾಸ್ತಿ ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ. ಮನೆಮಾತು ತಮಿಳು, ಓದಿದ್ದು ಇಂಗ್ಲಿಷ್ ಸಾಹಿತ್ಯ. ಇಷ್ಟಾದರೂ ಬರೆಯಲು ಕುಳಿತಾಗ ಕೈಗೆ ಬಂದದ್ದು ಊರಿನ ಮಾತು, ಕನ್ನಡ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ಎಂದು ಬದುಕುವ ನನಗೆ ಈ ಲೆಕ್ಕ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಮಕ್ಕಳ ವಿಷಯದಲ್ಲಿ ಅದು ತಿರುಗುಮುರುಗಾಗಿದೆ: ಕನ್ನಡ ಮನೆಮಾತಾಗಿಯೇ ಉಳಿದು, ಅಕ್ಷರಕ್ಕೆ ಇಳಿಯುವುದೇ ಇಲ್ಲ.

ಅವರ ಮೊದಲ ಕಥೆ 'ರಂಗಪ್ಪನ ಮದುವೆ' ಹೊರಬಂದದ್ದು 1910ರಲ್ಲಿ. ಅಮೆರಿಕದ ಜನಪ್ರಿಯ ಕಥೆಗಾರ ಓ. ಹೆನ್ರಿ ತೀರಿಕೊಂಡದ್ದೂ ಅದೇ ವರ್ಷ. ಹೆನ್ರಿಯ ಕಥೆ ಕೊನೆಯ ಸಾಲಿನಲ್ಲಿ ತಟಕ್ಕನೆ ತಿರುಗುತ್ತದೆ. ಮಾಸ್ತಿಗೆ ಆ ಚಟವಿಲ್ಲ. ಜಗುಲಿಯ ಮೇಲೆ ಕುಳಿತ ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದಂತೆ ಅವರ ಕಥೆ ಸಾಗುತ್ತದೆ. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗ ಕೆಟ್ಟುಹೋಗಿದ್ದಾನೋ ಎಂದು ನೋಡಲು ಊರಿಗೆ ಊರೇ ನೆರೆಯುತ್ತದೆ. ರಜೆಗೆ ಊರಿಗೆ ಹೋದಾಗ ನಮ್ಮನ್ನೂ ಹಾಗೆ ನೋಡುವವರಿದ್ದಾರೆ! ಈ ಕಥೆ ಇಂಗ್ಲಿಷಿಗೆ ಬಂದು ಎನ್‌ಸಿಇಆರ್‌ಟಿಯ 11ನೇ ತರಗತಿಯ ಪಠ್ಯವನ್ನೂ ಸೇರಿತು. ಅಲ್ಲಿ ಅದನ್ನು ಓದಿದ ನನ್ನ ಮಗಳು, ಹನ್ನೊಂದರ ರತ್ನಳಿಗೆ ಮದುವೆಯೇ ಎಂದು ಹುಬ್ಬು ಗಂಟಿಕ್ಕಿದಳು. ಅವಳು ಕೇಳಿದ್ದು ಸರಿಯೇ. ಕಾಲದ ಆ ಕೊರೆ ಕಥೆಯಲ್ಲಿದೆ; ನಗೆಯಲ್ಲಿ ತೇಲಿಸಿಬಿಟ್ಟರೂ ಅದು ಹೋಗುವುದಿಲ್ಲ.

ನನಗೆ ಹೆಚ್ಚು ಪ್ರಿಯವಾದದ್ದು 'ಮೊಸರಿನ ಮಂಗಮ್ಮ'. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತರುವ ಮುದುಕಿ, ಮೊಮ್ಮಗನ ವಿಷಯಕ್ಕೆ ಸೊಸೆಯೊಂದಿಗೆ ಜಗಳವಾಡಿ ಬೇರೆಯಾಗುತ್ತಾಳೆ. ಕೊನೆಗೆ ಮನೆಯನ್ನು ಒಂದು ಮಾಡುವುದೂ ಆ ಮೊಮ್ಮಗನೇ. ಅತ್ತೆಯದು ತಪ್ಪೋ ಸೊಸೆಯದೋ ಎಂದು ತೀರ್ಪು ಕೊಡುವ ಗೊಡವೆಗೆ ಮಾಸ್ತಿ ಹೋಗುವುದಿಲ್ಲ.

ಇದನ್ನೆಲ್ಲ ಬರೆದವರು ಪುರಸೊತ್ತಿನ ಮನುಷ್ಯರಲ್ಲ. ಮೈಸೂರು ಸಿವಿಲ್ ಸರ್ವಿಸ್ ಸೇರಿ, ಊರಿಂದೂರಿಗೆ ವರ್ಗವಾಗುತ್ತ ಜಿಲ್ಲಾಧಿಕಾರಿಯ ಮಟ್ಟಕ್ಕೆ ಏರಿದ ಅಧಿಕಾರಿ. 'ಕೆಲವು ಸಣ್ಣ ಕಥೆಗಳು' ಸಂಕಲನ 1920ರಲ್ಲಿ 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಬಂತು. 1929ರಲ್ಲಿ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1943ರಲ್ಲಿ ಮಂತ್ರಿಗೆ ಸಮಾನವಾದ ಹುದ್ದೆ ಇವರನ್ನು ದಾಟಿ ಕಿರಿಯರೊಬ್ಬರಿಗೆ ಹೋಯಿತು. ಮಾಸ್ತಿ ರಾಜೀನಾಮೆ ಕೊಟ್ಟರು. ಬಡ್ತಿ ತಪ್ಪಿದಾಗ ಮನೆಸಾಲದ ಕಂತು ನೆನೆದು ಸುಮ್ಮನಾಗುವ ನಮ್ಮಂಥವರಿಗೆ ಇದು ದೊಡ್ಡ ಮಾತು. ಆಗ ಅವರಿಗೆ 52 ವರ್ಷ, ಮನೆ ತುಂಬ ಹೆಣ್ಣುಮಕ್ಕಳು.

ಮರುವರ್ಷವೇ 'ಜೀವನ' ಮಾಸಪತ್ರಿಕೆಯನ್ನು ಕೈಗೆತ್ತಿಕೊಂಡು 1965ರವರೆಗೆ ನಡೆಸಿದರು. ಎಷ್ಟೋ ಹೊಸಬರನ್ನು ಕೈಹಿಡಿದು ಮುಂದೆ ತಂದರು. ಎರಡು ದೊಡ್ಡ ಕಾದಂಬರಿಗಳಾದ 'ಚೆನ್ನಬಸವನಾಯಕ', 'ಚಿಕವೀರ ರಾಜೇಂದ್ರ' ಬಂದದ್ದೂ ನೌಕರಿ ಬಿಟ್ಟ ಮೇಲೆಯೇ. ಕೊಡಗಿನ ಕೊನೆಯ ಅರಸನ ಕಥೆಯಾದ ಎರಡನೆಯದಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಅದಕ್ಕೂ ಮೊದಲೇ, 1968ರಲ್ಲಿ, ಸಣ್ಣಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಸಂದಿತ್ತು.

ಕೊನೆಯ ಪುಸ್ತಕ 'ಮಾತುಗಾರ ರಾಮಣ್ಣ' 1985ರಲ್ಲಿ ಬಂತು. ಮರುವರ್ಷ ಜೂನ್ 6ರಂದು, ತಾವು ಹುಟ್ಟಿದ ದಿನವೇ, 95 ತುಂಬಿದ ಮಾಸ್ತಿ ಬೆಂಗಳೂರಿನಲ್ಲಿ ತೀರಿಕೊಂಡರು.