ಗಂಧದ ರಾಶಿ, ಟಾಟಾ ಇನ್‌ಸ್ಟಿಟ್ಯೂಟು ಮತ್ತು ಸೋಪ್ ಶಾಸ್ತ್ರಿಗಳು

ಮಕ್ಕಳೇ, ರಜೆಗೆ ಅಜ್ಜಿ ಮನೆಗೆ ಹೋದಾಗ ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೋ ಹತ್ತಿದ್ದೀರಾ? ಯಶವಂತಪುರ ದಾಟಿ ರಾಜಾಜಿನಗರದ ಕಡೆ ಬರುವಾಗ ಮೊದಲು ಸಿಗುವ ನಿಲ್ದಾಣದ ಹೆಸರು ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’. ನಿಮ್ಮ ಮನೆಯ ಬಚ್ಚಲಲ್ಲೋ, ಅಮ್ಮನ ರೇಷ್ಮೆ ಸೀರೆಗಳ ಮಧ್ಯದಲ್ಲೋ ಇರುವ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ ಅದು. ಈ ಸೋಪು ಹುಟ್ಟಿದ್ದಕ್ಕೆ ಒಂದು ಮಹಾಯುದ್ಧ, ಒಂದು ಕಾಲೇಜು ಮತ್ತು ಮಾರಾಟವಾಗದೆ ಬಿದ್ದಿದ್ದ ಗಂಧದ ಮರದ ರಾಶಿ ಕಾರಣ ಎಂದರೆ ನಂಬುತ್ತೀರಾ?

ಕಾಲೇಜಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ನಿಮ್ಮ ಅಕ್ಕ, ಅಣ್ಣಂದಿರು ಓದುವ ಪರ್ಡ್ಯೂ, ಮಿಶಿಗನ್ ಸ್ಟೇಟ್‌ನಂಥ ವಿಶ್ವವಿದ್ಯಾಲಯಗಳಿಗೆ ಲ್ಯಾಂಡ್ ಗ್ರ್ಯಾಂಟ್ ಕಾಲೇಜುಗಳು ಅನ್ನುತ್ತಾರೆ. 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾನೂನಿನ ಪ್ರಕಾರ ಅಮೆರಿಕ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟಿತು. ಅದನ್ನು ಮಾರಿ ಬಂದ ಹಣದಲ್ಲಿ ಬೇಸಾಯ, ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಿ ಎಂದಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ನಡೆದದ್ದು ಬೇರೆ ರೀತಿ, ಆದರೆ ಅಲ್ಲಿಯೂ ಆರಂಭ ಜಮೀನಿನಿಂದಲೇ. ಉದ್ಯಮಿ ಜೆಮ್‌ಶೆಟ್‌ಜಿ ಟಾಟಾ ವಿಜ್ಞಾನ ಸಂಸ್ಥೆಯೊಂದಕ್ಕೆ ತಮ್ಮ ಆಸ್ತಿ ಬರೆದಿಟ್ಟರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ವಿದ್ಯಾರ್ಥಿಗಳು ಬಂದರು. ಅದೇ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ. ಹಳಬರ ಬಾಯಲ್ಲಿ ಈಗಲೂ ಟಾಟಾ ಇನ್‌ಸ್ಟಿಟ್ಯೂಟು. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ವಿಲಿಯಂ ರಾಮ್ಸೆ ಜೊತೆ ಸೇರಿ ನಿಯಾನ್ ಅನಿಲವನ್ನು ಕಂಡುಹಿಡಿದವರು. ಅಂಗಡಿಗಳ ಮುಂದಿನ ದೀಪದ ಕೊಳವೆಗಳಲ್ಲಿ ಕೆಂಪು-ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದಲ್ಲ, ಅದೇ ನಿಯಾನ್.

ಇನ್ನು ಗಂಧ. ಮೈಸೂರಿನಲ್ಲಿ ಆಗ ಶ್ರೀಗಂಧದ ಮರವೆಲ್ಲ ಸರ್ಕಾರದ ಸ್ವತ್ತಾಗಿತ್ತು. ನಿಮ್ಮ ಹಿತ್ತಲಲ್ಲೇ ಬೆಳೆದಿದ್ದರೂ ನಿಮ್ಮದಾಗುತ್ತಿರಲಿಲ್ಲ! ಸರ್ಕಾರ ಮರವನ್ನು ಹರಾಜು ಹಾಕುತ್ತಿತ್ತು, ವ್ಯಾಪಾರಿಗಳು ಹಡಗಿಗೆ ಹೇರುತ್ತಿದ್ದರು. ಅದರ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದದ್ದೇ ತಡ, ಬ್ರಿಟಿಷರ ಕೈಕೆಳಗಿದ್ದ ಮೈಸೂರಿಗೆ ಜರ್ಮನಿ ಶತ್ರುದೇಶವಾಯಿತು. ಗಂಧದ ಕೋಠಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಮರ ರಾಶಿ ಬಿತ್ತು, ಖಜಾನೆಗೆ ಬರುತ್ತಿದ್ದ ಹಣ ನಿಂತಿತು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆ ನೋಡಿಕೊಳ್ಳುತ್ತಿದ್ದವರು ಆಲ್‌ಫ್ರೆಡ್ ಚಾಟರ್ಟನ್. ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದು ಎಂಬ ಪ್ರಶ್ನೆ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ಮುಂದೆ ಬಂತು. ಈ ಕತೆ ಹೇಳುವವರು ಸಾಮಾನ್ಯವಾಗಿ ಮಹಾರಾಜರನ್ನೂ ದಿವಾನರನ್ನೂ ನೆನೆದು ಸುಮ್ಮನಾಗುತ್ತಾರೆ. ಪ್ರಯೋಗಾಲಯದಲ್ಲಿ ಹೊಗೆ, ಹಬೆ ಕುಡಿದವರಿಗೂ ಸಮಪಾಲು ಸಲ್ಲಬೇಕೆಂದು ನನ್ನ ವಾದ.

ಏಕೆಂದರೆ ಗಂಧದೆಣ್ಣೆ ತೆಗೆಯುವುದು ಸುಲಭವಲ್ಲ. ಎಣ್ಣೆ ಇರುವುದು ಮರದ ಹೊರಗಿನ ಬಿಳಿಯ ಭಾಗದಲ್ಲಲ್ಲ, ಒಳಗಿನ ಕಂದು ಬಣ್ಣದ ಚೇಗಿನಲ್ಲಿ. ಬೇರಿನಲ್ಲಿ ಇನ್ನೂ ಹೆಚ್ಚು. ಅದಕ್ಕೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ. ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ ಹಂಡೆಗೆ ತುಂಬಬೇಕು. ಕೆಳಗೆ ಬೆಂಕಿ ಹಾಕಿ ನೇರವಾಗಿ ಕಾಯಿಸಿದರೆ ಕೆಲಸ ಕೆಟ್ಟಿತು. ಪರಿಮಳ ಕೊಡುವ ಸ್ಯಾಂಟಲಾಲ್ ಕುದಿಯುವುದು 300 ಡಿಗ್ರಿ ಸೆಲ್ಸಿಯಸ್ ಮೇಲೆ. ಅಷ್ಟು ಶಾಖಕ್ಕೆ ಪುಡಿ ಸೀದುಹೋಗುತ್ತದೆ. ಅದರ ಬದಲು ಪುಡಿಯೊಳಗೆ ನೀರಿನ ಹಬೆ ಹಾಯಿಸಿದರೆ, ಹಬೆ ಎಣ್ಣೆಯನ್ನೂ ತನ್ನ ಜೊತೆ ಹೊತ್ತು ಬರುತ್ತದೆ. ಆ ಹಬೆಯನ್ನು ತಣ್ಣಗೆ ಮಾಡಿದರೆ ನೀರು ಬೇರೆ, ಎಣ್ಣೆ ಬೇರೆ. ಅಡುಗೆ ಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ತೊಟ್ಟಿಕ್ಕುವ ನೀರು ನೋಡಿದ್ದೀರಲ್ಲ, ಅದೇ ತತ್ವ. ನೂರು ಕಿಲೋ ಒಳ್ಳೆಯ ಚೇಗಿಗೆ ಸಿಗುವ ಎಣ್ಣೆ ಐದು ಕಿಲೋ ಆಸುಪಾಸು. ಆಗ ಯುರೋಪಿನಲ್ಲಿ ಇದನ್ನು ಔಷಧಿಗೂ ಬಳಸುತ್ತಿದ್ದರು, ಆದ್ದರಿಂದ ಶುದ್ಧತೆಯಲ್ಲಿ ಒಂದಿಷ್ಟೂ ರಿಯಾಯಿತಿ ಇರಲಿಲ್ಲ.

1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ ಎಣ್ಣೆ ಇಳಿಸಿತು. ಮರುವರ್ಷ ಮೈಸೂರಿನಲ್ಲಿ ದೊಡ್ಡದು ಬಂತು. ಮರ ಮಾರುತ್ತಿದ್ದ ಸಂಸ್ಥಾನ ಎಣ್ಣೆ ಮಾರತೊಡಗಿತು.

ಎಣ್ಣೆಯಿಂದ ಸೋಪಿನವರೆಗೆ ಕರೆದೊಯ್ದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಕೈಗಾರಿಕಾ ರಸಾಯನಶಾಸ್ತ್ರ ಬಲ್ಲ ಈ ತರುಣನನ್ನು ಸೋಪಿನ ವಿದ್ಯೆ ಕಲಿಯಲು ಸರ್ಕಾರ ಇಂಗ್ಲೆಂಡಿಗೆ ಕಳಿಸಿತು. ಅಡುಗೆ ಎಣ್ಣೆಯಂಥದಕ್ಕೆ ಕ್ಷಾರ ಬೆರೆಸಿ ಕುದಿಸಿದರೆ ಸೋಪಾಗುತ್ತದೆ, ಅದು ಯಾರಿಗೂ ಗೊತ್ತಿದ್ದದ್ದೇ. ಕಷ್ಟವಿದ್ದದ್ದು ಆ ಕ್ಷಾರದ ನಡುವೆ ಗಂಧದ ಪರಿಮಳ ಕೆಡದಂತೆ, ಬಿಲ್ಲೆ ಸವೆಯುವ ತನಕ ಉಳಿಯುವಂತೆ ಮಾಡುವುದರಲ್ಲಿ. ಶಾಸ್ತ್ರಿಗಳು ಅದನ್ನು ಸಾಧಿಸಿ ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಮೊಟ್ಟೆಯಾಕಾರದ ಬಿಲ್ಲೆಯನ್ನು ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟರು. ಮೇಲೆ ಶರಭದ ಗುರುತು: ಸಿಂಹದ ಮೈ, ಆನೆಯ ತಲೆ. ಮನೆಯಲ್ಲಿರುವ ಡಬ್ಬಿ ತೆಗೆದು ಹುಡುಕಿ, ಅಲ್ಲೇ ಇದೆ.

ಮೊದಲ ಸೋಪಿನ ಕಾರ್ಖಾನೆ ಇದ್ದದ್ದು ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿ. ಜಾಗ ಸಾಲದೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂತು. ಟಾಟಾ ಇನ್‌ಸ್ಟಿಟ್ಯೂಟು ಅಲ್ಲಿಂದ ದೂರವೇನಿಲ್ಲ, ಯಶವಂತಪುರದ ಪಕ್ಕ. ಈ ಭಾಗದಲ್ಲಿ ಬೆಳೆದವರನ್ನು ಕೇಳಿ ನೋಡಿ, ಗಾಳಿ ಇತ್ತ ಬೀಸಿದರೆ ಬಸ್ಸಿನೊಳಗೂ ಗಂಧದ ವಾಸನೆ ಬರುತ್ತಿತ್ತು ಅನ್ನುತ್ತಾರೆ.

ಈಗ ಕಷ್ಟ ತಿರುಗುಮುರುಗಾಗಿದೆ. ಅಂದು ಮರ ಹೆಚ್ಚಾಗಿ ಕೊಳ್ಳುವವರಿರಲಿಲ್ಲ, ಇಂದು ಕೊಳ್ಳುವವರಿದ್ದಾರೆ, ಮರವಿಲ್ಲ. ಕಳ್ಳಸಾಗಣೆ, ರೋಗ ಎರಡೂ ಸೇರಿ ಕಾಡು ಬರಿದಾಯಿತು. 2001ರಲ್ಲಿ ಕರ್ನಾಟಕ ಕಾನೂನು ಬದಲಿಸಿ, ಸ್ವಂತ ಜಮೀನಿನಲ್ಲಿ ಬೆಳೆದ ಗಂಧ ರೈತನದೇ ಎಂದಿತು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಅದನ್ನು ಬೆಳೆಸುವ ಬಗೆ ಹೇಳಿಕೊಡುತ್ತಾರೆ. ಅದರಲ್ಲೊಂದು ಸ್ವಾರಸ್ಯವಿದೆ. ಗಂಧದ ಗಿಡ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಹಚ್ಚಿ ಸಾರ ಹೀರುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಹಾಗಾಗಿ ರೈತರು ಗಂಧದ ಸಸಿಯ ಬುಡದಲ್ಲೇ ನಾಲ್ಕು ತೊಗರಿ ಕಾಳು ಬಿತ್ತುತ್ತಾರೆ.